ಉಸಿರಿನ ನಲ್ಲಿ

ಜೂನ್ 3

ವಾಷರ್,

ಕ್ಷೇಮಸಮಾಚಾರ ಕೊನೆಯಲ್ಲಿ. ಮೊದಲು ಬೈಗುಳ.

ನೀನು ಕಳಿಸಿದ ಕಂಪ್ಯೂಟರ್ ಬಂದು ಒಂಬತ್ತು ದಿನವಾಯಿತು. ಪೆಟ್ಟಿಗೆಯೊಳಗೆ ಒಂದು ಚೀಟಿ: "ಅಜ್ಜ, ನಾವು ಮೂವರು ಮೂರು ವರ್ಷ ಕೂತು ಮಾಡಿದ ಆಟ ಇದರಲ್ಲಿದೆ. ಆಡಿ ನೋಡು, ಹೇಗಿದೆ ಬರಿ." ಅಷ್ಟೇ. ಎಲ್ಲಿ ಒತ್ತಬೇಕು, ಏನು ತಿರುಗಿಸಬೇಕು ಒಂದೂ ಇಲ್ಲ. ಐದನೇ ಕ್ಲಾಸಿಗೆ ಸ್ಲೇಟು ಬಿಸಾಡಿ ಬಂದವನು ನಾನು. ಐಸ್ ಫ್ಯಾಕ್ಟರಿಯಲ್ಲಿ ನಲವತ್ತೊಂದು ವರ್ಷ ಇಂಜಿನ್ ಓಡಿಸಿದ ಕೈಗೆ ಆ ಮೌಸು ಅನ್ನುವುದು ಸೋಪಿನ ತುಂಡಿನ ಹಾಗೆ ಜಾರುತ್ತದೆ.

ಫೋನಿನಲ್ಲಿ ಕೇಳಬಹುದಿತ್ತಲ್ಲ ಅಂತ ನಿಮ್ಮಮ್ಮ ಬರೆದಿದ್ದಾಳೆ. ಗೊತ್ತಿದ್ದೂ ಗೊತ್ತಿದ್ದೂ ಬರೆಯುತ್ತಾಳೆ. ನನ್ನ ಎಡಗಿವಿಯನ್ನು ಇಂಜಿನ್ ಪೂರ್ತಿ ತಿಂದಿದೆ, ಬಲಗಿವಿಯನ್ನು ಅರ್ಧ ತಿಂದು ಬಿಟ್ಟಿದೆ. ಹತ್ತಿರ ನಿಂತು ಕಿರುಚಿದರೆ ಕೇಳುತ್ತದೆ. ಫೋನಿನಲ್ಲಿ ನೀನು ಮಾತಾಡಿದರೆ ಡಬ್ಬಿಯೊಳಗೆ ಜೀರುಂಡೆ ಹಾಕಿದ ಹಾಗೆ. ಕಾಗದಕ್ಕಾದರೆ ಕಿವಿ ಬೇಡ.

ಕೊನೆಗೆ ಪಕ್ಕದ ಮನೆಯ ಟೈಲರ್ ಬಂದು ವಯರುಗಳನ್ನು ಚುಚ್ಚಿಕೊಟ್ಟ. ಈಗ ದಿನಾ ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು, ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಹೋಗು ಅಂದರೂ ಹೋಗುವುದಿಲ್ಲ.

ನಿನ್ನ "ಮಸಿಯೂರು" ನೋಡಿದೆ. ಸೂರ್ಯ ಕಾಣದಷ್ಟು ಹೊಗೆ. ಮನೆಗಳ ಗೋಡೆಗೇ ಹಳಿ ಹೊಡೆದು ರೈಲು ಓಡಿಸಿದ್ದೀರಿ. ಮೇಲೆ ತಗಡಿನ ಹಡಗುಗಳು ಗುಡುಗುಡು ಅನ್ನುತ್ತಾ ತೇಲುತ್ತವೆ. ಯುದ್ಧ ಮುಗಿಸಿ ಬಂದ ಒಬ್ಬ ಮೆಕ್ಯಾನಿಕ್ ಹೆಂಗಸು, ಗ್ರೀಸ್ ಮೆತ್ತಿದ ಕೋಟು ಹಾಕಿಕೊಂಡು, ಕಳೆದುಹೋದ ತಮ್ಮನನ್ನು ಹುಡುಕುತ್ತಾಳೆ. ಬೀದಿಯ ಕಬ್ಬಿಣದ ಮೇಲೆ ದೀಪದ ಬೆಳಕು ಬಿದ್ದು ಹಳದಿಯಾಗಿ ಒದ್ದೆಯಾಗಿ ಹೊಳೆಯುವುದನ್ನು ನೋಡಿ ನಾನು ಸ್ವಲ್ಪ ಹೊತ್ತು ಏನೂ ಒತ್ತದೆ ಕೂತಿದ್ದೆ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡ.

ಯಾಕೆಂದರೆ ಮೊದಲನೇ ಬಾಗಿಲಲ್ಲೇ ಆ ಹೆಂಗಸು ಸಿಕ್ಕಿಕೊಂಡಳು. ಅರ್ಧ ಒಳಗೆ, ಅರ್ಧ ಹೊರಗೆ. ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ನಾಲ್ಕು ದಿನ ಹಾಗೇ ನಿಂತಿದ್ದಳು. ಟೈಲರ್ ಬಂದ ಕೂಡಲೇ ಕೇಳುತ್ತಿದ್ದ:

"ಏನ್ ಮೇಸ್ತ್ರಿ, ಇನ್ನೂ ಬಾಗಿಲಲ್ಲೇ ಇದಾಳಾ? ಊಟಾನೂ ಇಲ್ಲ, ನಿದ್ದೇನೂ ಇಲ್ಲ, ಪಾಪ!"

"ಮೊಮ್ಮಗಳು ಮಾಡಿರೋ ಬಾಗಿಲು ಕಣಯ್ಯ, ಸುಲಭಕ್ಕೆ ಬಿಡಲ್ಲ" ಅಂದೆ.

ಬಾಗಿಲನ್ನೂ ಸರಿಯಾಗಿ ಕೂರಿಸಲು ಬಾರದವರು ಊರು ಕಟ್ಟಲು ಯಾಕೆ ಹೊರಟಿರಿ?

ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಜ್ಜ

*

ಜೂನ್ 14

ಅಜ್ಜ,

ಕಾಗದ ಓದಿ ನಮ್ಮ ಆಫೀಸಿನಲ್ಲಿ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಫೀಸು ಅಂದರೆ ದೊಡ್ಡದೇನಲ್ಲ. ಬೀಗದ ಅಂಗಡಿಯ ಮೇಲಿನ ಒಂದು ಕೋಣೆ, ಮೂರು ಮೇಜು, ಒಂದೇ ಕಿಟಕಿ. ಕಿಟಕಿಯ ಪಕ್ಕ ಚಿತ್ರ ಬರೆಯುವವಳು ಕೂರುತ್ತಾಳೆ. ಮೂಲೆಯಲ್ಲಿ ಸದ್ದು ಮಾಡುವವನು; ಅವನು ತಗಡು, ಸರಪಳಿ, ಬಕೆಟ್ಟು ಎಲ್ಲ ತಂದು ಬಡಿದು ಬಡಿದು ಧ್ವನಿ ಹಿಡಿಯುತ್ತಾನೆ. ನಡುವೆ ನಾನು. ಆಟ ಹೇಗೆ ನಡೆಯಬೇಕು, ಯಾವುದನ್ನು ಮುಟ್ಟಿದರೆ ಏನಾಗಬೇಕು, ಅದೆಲ್ಲ ನನ್ನ ಕೆಲಸ. ಅಂದರೆ ಆ ಬಾಗಿಲು ನನ್ನದೇ.

ನಿನಗೆ ಸುಳ್ಳು ಹೇಳುವುದಿಲ್ಲ. ಆಡಿದವರೆಲ್ಲ ನಿನ್ನ ಹಾಗೇ ಹೇಳುತ್ತಿದ್ದಾರೆ. ಊರು ಚೆನ್ನಾಗಿದೆ, ಹೊಗೆಯ ವಾಸನೆಯೇ ಬಂದ ಹಾಗಾಗುತ್ತದೆ, ಆದರೆ ಆಡಲು ಹೋದರೆ ಎಲ್ಲ ಒರಟು ಅಂತ. ಏಣಿ ಹತ್ತಲು ಆಗುವುದಿಲ್ಲ, ಹೊಡೆದರೆ ಏಟು ತಗಲುವುದಿಲ್ಲ, ಚೀಲ ತುಂಬಿಹೋಗುತ್ತದೆ. ಇವೆಲ್ಲ ಸರಿಮಾಡಬಹುದು. ಒಂದೇ ಒಂದು ಕಡೆ ಕಷ್ಟ. ಆಟದ ಮಧ್ಯದಲ್ಲಿ ಒಂದು ಇಂಜಿನ್ ಮನೆ ಬರುತ್ತದೆ. ಅಲ್ಲಿಗೆ ಬಂದ ನೂರು ಜನರಲ್ಲಿ ಅರವತ್ತು ಜನ ಆಟ ಬಿಟ್ಟು ಎದ್ದುಹೋಗುತ್ತಾರೆ, ಮತ್ತೆ ಬರುವುದಿಲ್ಲ. ನಮ್ಮ ಆಟವನ್ನು ಹಂಚುವ ಕಂಪನಿಯವರು ಖಡಾಖಂಡಿತ ಹೇಳಿದ್ದಾರೆ: ಆಗಸ್ಟ್ ಕೊನೆಯೊಳಗೆ ಅದನ್ನು ಸರಿಮಾಡಿದರೆ ಮುಂದುವರಿಸೋಣ, ಇಲ್ಲದಿದ್ದರೆ ಮುಚ್ಚೋಣ. ಮುಚ್ಚಿದರೆ ಈ ಕೋಣೆಯೂ ಇಲ್ಲ, ನಾವು ಮೂವರೂ ಮೂರು ದಿಕ್ಕು.

ಆದರೆ ಆ ಇಂಜಿನ್ ಮನೆಯನ್ನು ನಾನು ಮುಟ್ಟುವುದಿಲ್ಲ ಅಂದಿದ್ದೇನೆ. ಯಾಕೆ ಅಂತ ನೀನು ಅಲ್ಲಿಗೆ ತಲುಪಿದಾಗ ನಿನಗೇ ಗೊತ್ತಾಗುತ್ತದೆ. ಇಡೀ ಆಟದಲ್ಲಿ ನಿಜವಾದದ್ದು ಅದೊಂದೇ. ಎಂಟು ವರ್ಷಕ್ಕೇ ಇಪ್ಪತ್ತು ಕುದುರೆಶಕ್ತಿಯ ಇಂಜಿನ್ ಚಾಲೂ ಮಾಡಿದವಳು ನಾನು ಅಂತ ಹೇಳಿಯೇ ಈ ಇಬ್ಬರನ್ನು ನನ್ನ ಜೊತೆಗೆ ಸೇರಿಸಿಕೊಂಡಿದ್ದು!

ಬಾಗಿಲಲ್ಲಿ ಸಿಕ್ಕಿಕೊಂಡರೆ ಆ ಹೆಂಗಸನ್ನು ಒಮ್ಮೆ ಕೂರಿಸಿ ಎಬ್ಬಿಸು, ಬಿಡಿಸಿಕೊಳ್ಳುತ್ತಾಳೆ.

ವಾಷರ್

*

ಜೂನ್ 22

ವಾಷರ್,

ಕೂರಿಸಿ ಎಬ್ಬಿಸಿದೆ, ಬಿಡಿಸಿಕೊಂಡಳು. ಮನುಷ್ಯರಿಗೂ ಹೀಗೇ ಆದರೆ ಎಷ್ಟು ಚೆನ್ನ.

ಇಷ್ಟು ದಿನದ್ದು ಬರೆದುಕೋ.

ಹೊಗೆ. ನಿನ್ನ ಊರಿನ ಕೊಳವೆಗಳೆಲ್ಲ ಕರೀ ಹೊಗೆಯನ್ನೇ ಉಗುಳುತ್ತವೆ. ಕರೀ ಹೊಗೆ ಅಂದರೆ ಡೀಸೆಲ್ ಜಾಸ್ತಿ ಹೋಗುತ್ತಿದೆ ಅಂತ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗು ಸವೆದಿದೆ. ಬಿಳಿ ಬಂದರೆ ಇಂಜಿನ್ ಇನ್ನೂ ತಣ್ಣಗಿದೆ, ಇಲ್ಲಾ ನೀರು ಸೇರಿದೆ. ಹೊಗೆ ನೋಡಿ ಒಳಗಿನ ರೋಗ ಹೇಳಬೇಕು. ನಿನ್ನ ಊರಿನಲ್ಲಿ ಒಬ್ಬ ಇಂಜಿನ್ ಡ್ರೈವರಿಗೂ ಆ ಬುದ್ಧಿ ಇದ್ದಂತಿಲ್ಲ.

ಚೀಲ. ಮೂರು ಸ್ಪ್ಯಾನರ್ ಹಾಕಿದರೆ ಚೀಲ ತುಂಬಿತು ಅನ್ನುತ್ತದೆ, ಆದರೆ ಹನ್ನೆರಡು ಕಂಬಳಿ ಹಿಡಿಸುತ್ತದೆ. ಚೀಲ ಹೊಲಿದವನು ಯಾರು ಅಂತ ಟೈಲರ್ ಕೇಳಿದ.

ಕೋಟು. ಇದು ಟೈಲರನ ದೂರು. "ಮೇಸ್ತ್ರಿ, ಬರೀರಿ ಅವಳಿಗೆ. ಕಾಜ ಬಲಗಡೆ ಇದೆ, ಗುಂಡೀನೂ ಬಲಗಡೇನೇ ಇದೆ. ಆ ಹೆಂಗಸು ಕೋಟು ಹಾಕ್ಕೊಳೋದು ಹೇಗೆ, ಮೊಳೆ ಹೊಡ್ಕೊಂಡಾ?"

ಮಾತು. ಬೀದಿಯಲ್ಲಿ ಯಾರಾದರೂ ಎದುರಾದರೆ ನಾಲ್ಕು ಉತ್ತರ ತೋರಿಸಿ ಒಂದನ್ನು ಆರಿಸು ಅನ್ನುತ್ತೀರಿ. ಡಿಪೋದ ಕಾವಲಿನವನು ತಮ್ಮನ ಹೆಸರು ಕೇಳಿ ಹಲ್ಲು ಕಿರಿದ. ನಾಲ್ಕು ಉತ್ತರದಲ್ಲಿ ಒಂದರಲ್ಲೂ ಒಂದು ಬೈಗುಳವಿಲ್ಲ! ಬಾಯಿ ಕಟ್ಟಿದ ಹಾಗಾಯಿತು. ಸ್ಕ್ರೀನಿಗೇ ಬೈದೆ.

ಸದ್ದು. ನನಗೆ ಕೇಳುವುದಿಲ್ಲ ಅಂತ ನಿನ್ನ ಸದ್ದಿನ ಹುಡುಗ ಬೇಸರಪಟ್ಟುಕೊಳ್ಳುವುದು ಬೇಡ. ಇಂಜಿನ್ನಿನ ಹೊಟ್ಟೆಗೆ ಸ್ಕ್ರೂಡ್ರೈವರ್ ಇಟ್ಟು, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕೇಳುವುದು ನಮ್ಮ ಪದ್ಧತಿ. ತಲೆಬುರುಡೆಯೇ ಕಿವಿಯಾಗುತ್ತದೆ. ಸ್ಪೀಕರಿಗೆ ಹಾಗೇ ಇಟ್ಟು ಕೇಳಿದೆ. ಆ ತೇಲುವ ಹಡಗಿನದು ಬಕೆಟ್ಟು ಬಡಿದ ಸದ್ದು, ಗೊತ್ತಾಯಿತು. ಆದರೆ ಒಳ್ಳೆಯ ಬಕೆಟ್ಟು. ಟೈಲರನ ಹೆಂಡತಿ ಬಾಗಿಲಲ್ಲಿ ಇಣುಕಿ, ನಾನು ಸ್ಪೀಕರಿಗಿಟ್ಟ ಸ್ಕ್ರೂಡ್ರೈವರ್ ಕಚ್ಚಿಕೊಂಡು ಕೂತದ್ದನ್ನು ನೋಡಿ ಬಾಗಿಲು ಎಳೆದುಕೊಂಡು ಹೋದಳು.

ಹೊಗಳಿದವರನ್ನು ಕಟ್ಟಿಕೊಂಡು ಏನೂ ಆಗುವುದಿಲ್ಲ, ತಪ್ಪು ಹೇಳಿದವರ ಮಾತು ಕೇಳು. ಇಂಜಿನ್ನಿನ ವಿಷಯದಲ್ಲಿ ನಾನು ಯಾರ ಮುಖ ನೋಡಿಯೂ ಸುಳ್ಳು ಹೇಳಿದವನಲ್ಲ. ಮಾಲೀಕನಿಗೂ ಹೇಳಿಲ್ಲ. ಇನ್ನೂ ಇಂಜಿನ್ ಮನೆಗೆ ಬಂದಿಲ್ಲ. ಏಣಿಯ ಹತ್ತಿರ ಇದ್ದೇನೆ. ಅದೇನು ಏಣಿಯೇ ಅದು?

ಅಜ್ಜ

*

ಜುಲೈ 9

ವಾಷರ್,

ಇಂಜಿನ್ ಮನೆಗೆ ಬಂದೆ.

ನಮ್ಮ ಫ್ಯಾಕ್ಟರಿಯದೇ. ಗೋಡೆಯ ಸುಣ್ಣ ಉದುರಿದ ಜಾಗ, ನನ್ನ ಸ್ಟೂಲು, ಆಯಿಲ್ ಡಬ್ಬಗಳ ಸಾಲು, ಎಲ್ಲ ಇದ್ದಲ್ಲೇ ಇವೆ. ನಿನಗೆ ಅಷ್ಟು ನೆನಪಿದೆ ಅಂತ ನನಗೆ ಗೊತ್ತಿರಲಿಲ್ಲ.

ಆಮೇಲೆ ಆ ನಲ್ಲಿ. ಇಂಜಿನ್ ಬಿಟ್ಟು ದೂರದ ಗೋಡೆಗೆ ನಡೆದು, ನಲ್ಲಿ ಹಿಡಿದು, ಇಪ್ಪತ್ತು ಎಣಿಸುವವರೆಗೆ ಕೈ ಬಿಡಬಾರದು. ಬಿಟ್ಟರೆ ಇಂಜಿನ್ ಸತ್ತು ಮೊದಲಿನಿಂದ ಶುರು. ನಾನು ಐದು ಸಲ ಮಾಡಿದೆ. ಐದು ಸಲವೂ ಇಲಿ ಬಂದು ಹೆಂಗಸಿನ ಕಾಲು ಕಚ್ಚಿತು, ಕೈ ಬಿಟ್ಟಳು. ಟೈಲರ್ ಎದ್ದು ನಿಂತ. "ಇಪ್ಪತ್ತು ಎಣಿಸೋಕೆ ನಾನೇನು ಒಂದನೇ ಕ್ಲಾಸಾ? ನಾಳೆ ಬರಲ್ಲ ನಾನು" ಅಂತ ಹೇಳಿ ಹೋದ. ಬರಲೂ ಇಲ್ಲ.

ಇವತ್ತಿಗೆ ಇಷ್ಟು.

ಅಜ್ಜ

*

ಜುಲೈ 18

ಅಜ್ಜ,

ಅಷ್ಟೇನಾ? ನಿನ್ನ ಬಾಯಿಂದ ಒಂದು "ಪರವಾಗಿಲ್ಲ" ಬರಬಹುದು ಅಂತ ಮೂರು ವರ್ಷ ಕಾದಿದ್ದೆ! ಹುಷಾರಿದ್ದೀಯ ತಾನೆ?

ನನಗೆ ಎಲ್ಲ ನೆನಪಿದೆ, ಬೋಲ್ಟಿನ ಕೆಳಗೆ ಹಾಕುವ ಪುಟ್ಟ ಬಿಲ್ಲೆಯ ಹೆಸರನ್ನು ನೀನು ನನಗೆ ಇಟ್ಟದ್ದೂ. ಶಾಲೆ ಬಿಟ್ಟು ನಾಲ್ಕು ಗಂಟೆಗೆ ಓಡಿಬರುತ್ತಿದ್ದೆ. ಇಂಜಿನ್ ದಿನಕ್ಕೆ ಒಂದೇ ಸಲ, ನಾನು ಬಂದ ಮೇಲೆಯೇ ಚಾಲೂ ಆಗುತ್ತಿತ್ತು. "ಅದು ಉಸಿರಿನ ನಲ್ಲಿ ಕಣೇ, ಇಂಜಿನ್ ಉಸಿರೆಳೆದುಕೊಳ್ಳೋದು ಅದರಿಂದಾನೇ. ನೀನು ಹಿಡಿದುಕೊಂಡು ಇಪ್ಪತ್ತು ಎಣಿಸದಿದ್ರೆ ಇವತ್ತು ಊರಿಗೆ ಐಸೇ ಇಲ್ಲ" ಅನ್ನುತ್ತಿದ್ದೆ ನೀನು. ನಾನು ಗೋಡೆಗೆ ಮುಖ ಮಾಡಿ ಎಣಿಸುತ್ತಿದ್ದೆ. ಹದಿನೈದು ಹದಿನಾರಕ್ಕೆ ಬೆನ್ನ ಹಿಂದೆ ಧಡ್ ಅಂತ ಹೊತ್ತಿಕೊಳ್ಳುತ್ತಿತ್ತು. ಇಡೀ ನೆಲ ನಡುಗುತ್ತಿತ್ತು. ನಾನು ಮಾಡಿದ್ದು ಇದು ಅನ್ನಿಸುತ್ತಿತ್ತು. ಈಗಲೂ ಏನಾದರೂ ಹೆದರಿಕೆಯಾದರೆ ಇಪ್ಪತ್ತು ಎಣಿಸುತ್ತೇನೆ.

ಇಲ್ಲಿ ಜಗಳ ಜೋರಾಗಿದೆ. ಸದ್ದಿನವನು ನಿನ್ನೆ ಮೇಜು ಗುದ್ದಿದ. "ಒಂದು ಗುಂಡಿ ಒತ್ತಿದ್ರೆ ಇಂಜಿನ್ ಹೊತ್ಕೊಳ್ಳಲಿ, ಮುಗೀತು! ನಿನ್ನ ನಲ್ಲಿಗೋಸ್ಕರ ನಾವೆಲ್ಲ ಬೀದಿಗೆ ಬೀಳ್ಬೇಕಾ?" ಅಂದ. "ಅದು ನಿಜ ಕಣೋ. ನಿಜ ಕಷ್ಟವಾಗೇ ಇರುತ್ತೆ" ಅಂದೆ. "ನಿಜ ಅಂತ ಹೇಳೋಳು ನೀನೊಬ್ಬಳೇ" ಅಂದ.

ಅದಕ್ಕೇ ಒಂದು ಉಪಕಾರ ಮಾಡು ಅಜ್ಜ. ಇಂಜಿನ್ ಚಾಲೂ ಮಾಡುವುದು ಹೀಗೆಯೇ, ಆ ನಲ್ಲಿ ಇಲ್ಲದೆ ಆಗುವುದಿಲ್ಲ ಅಂತ ಎರಡು ಸಾಲು ಬರೆದು ಸಹಿ ಹಾಕಿ ಕಳಿಸು. ನಲವತ್ತೊಂದು ವರ್ಷ ಓಡಿಸಿದವನ ಮಾತಿಗೆ ಅವರು ಎದುರಾಡಲಾರರು. ಕಂಪನಿಯವರಿಗೂ ತೋರಿಸುತ್ತೇನೆ.

ನಿನ್ನ ವಾಷರ್

*

ಜುಲೈ 27

ವಾಷರ್,

ಏಣಿಯ ಚಿತ್ರ ಬರೆದು ಇದರೊಟ್ಟಿಗೆ ಇಟ್ಟಿದ್ದೇನೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಒಂದು ಅಡಿ. ನೀವು ಎರಡೂವರೆ ಅಡಿ ಬಿಟ್ಟಿದ್ದೀರಿ, ಹೆಂಗಸು ಹಾರಬೇಕಾಗುತ್ತದೆ. ಸ್ಪ್ಯಾನರ್ ತಿರುಗಿಸುವಾಗ ಮೊಣಕೈ ಹೊರಗೆ ಹೋಗಬೇಕು, ಅದನ್ನೂ ಬರೆದಿದ್ದೇನೆ. ಗ್ರೀಸ್ ಕೈಗೆ ಹತ್ತುತ್ತದೆ, ಮುಖಕ್ಕಲ್ಲ. ಬೆವರು ಒರೆಸಿಕೊಂಡ ಮೇಲೆ ಮುಖಕ್ಕೆ. ಟೈಲರ್ ವಾಪಸ್ ಬಂದಿದ್ದಾನೆ. ಕೋಟಿನ ಕಾಜದ ಅಳತೆ ಕೊಟ್ಟಿದ್ದಾನೆ.

ಹುಷಾರಾಗಿದ್ದೇನೆ. ನೀನು ಕೇಳಿದ್ದಕ್ಕೆ ಬೇರೆ ಕಾಗದ ಬರೆಯುತ್ತೇನೆ.

ಅಜ್ಜ

*

ಆಗಸ್ಟ್ 5

ಅಜ್ಜ,

ಸದ್ದಿನವನು ಇವತ್ತು ಬಕೆಟ್ಟು ಸರಪಳಿ ಎಲ್ಲ ತುಂಬಿಕೊಂಡು ಹೋದ. ಚಿತ್ರದವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇನ್ನು ಇಪ್ಪತ್ತಾರು ದಿನ ಇದೆ.

ಏಣಿಗೆ ಎರಡು ಪುಟ ಬರೆದೆಯಲ್ಲ. ನಾನು ಕೇಳಿದ್ದು ಎರಡು ಸಾಲು.

ವಾಷರ್

*

ಆಗಸ್ಟ್ 9

ವಾಷರ್,

ಕೂತು ಓದು. ನಿಂತು ಓದಬೇಡ.

ಆ ಎರಡು ಸಾಲು ನಾನು ಬರೆಯಲಾರೆ. ಆ ನಲ್ಲಿಗೂ ಇಂಜಿನ್ನಿಗೂ ಸಂಬಂಧವೇ ಇಲ್ಲ. ನೀನು ಹುಟ್ಟುವ ಮೊದಲು ಆ ಪೈಪಿನಲ್ಲಿ ತೊಟ್ಟಿಗೆ ನೀರು ಹೋಗುತ್ತಿತ್ತು. ಹೊಸ ತೊಟ್ಟಿ ಕಟ್ಟಿದಾಗ ಅದನ್ನು ಕತ್ತರಿಸಿದರು. ಗೋಡೆಯ ಆಚೆ ಒಂದು ಗೇಣು ಹೋಗಿ ಪೈಪು ಮುಗಿಯುತ್ತದೆ. ಅದರಲ್ಲಿ ನೀರಿಲ್ಲ, ಎಣ್ಣೆ ಇಲ್ಲ, ಉಸಿರು ಮೊದಲೇ ಇಲ್ಲ. ಉಸಿರಿನ ನಲ್ಲಿ ಅನ್ನುವ ಹೆಸರು ನಾನು ಆ ಕ್ಷಣದಲ್ಲಿ ಕಟ್ಟಿದ್ದು.

ಯಾಕೆ ಅಂತಲೂ ಹೇಳುತ್ತೇನೆ. ಚಾಲೂ ಮಾಡಲು ಹ್ಯಾಂಡಲ್ ತಿರುಗಿಸುವಾಗ ಇಂಜಿನ್ ಕೆಲವು ಸಲ ಹಿಂದಕ್ಕೆ ಒದೆಯುತ್ತದೆ. ಒಮ್ಮೆ ಒದ್ದು ನನ್ನ ಮಣಿಕಟ್ಟಿನ ಎರಡು ಮೂಳೆ ಮುರಿದಿತ್ತು. ನಿಮ್ಮಮ್ಮ ಆಸ್ಪತ್ರೆಯಲ್ಲಿ ಸಂಜೆ ಪಾಳಿ ಮಾಡುತ್ತಿದ್ದಳು. ನಿನ್ನನ್ನು ನನ್ನ ಹತ್ತಿರ ಬಿಡುವಾಗ ಹೇಳಿದ್ದಳು: "ಅಪ್ಪಾ, ಇವಳ ಮೈಮೇಲೆ ಒಂದು ಗೀರು ಬಿದ್ರೂ ನಾಳೆಯಿಂದ ಇವಳು ಇಲ್ಲಿಗೆ ಬರಲ್ಲ." ನೀನೋ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಚಕ್ರದ ಹತ್ತಿರ. ನಿನ್ನ ಕೈ ಹಿಂದಕ್ಕೆ ಎಳೆದರೆ ಮತ್ತೆ ಮುಂದೆ ಬರುತ್ತಿತ್ತು. ಒಂದು ದಿನ ಗಟ್ಟಿಯಾಗಿ ಬೈದೆ. ನೀನು ಆಯಿಲ್ ಡಬ್ಬಗಳ ಹಿಂದೆ ಕೂತು ಅತ್ತೆ. ಮಾರನೇ ದಿನ ದೂರದ ಗೋಡೆಯ ಆ ನಲ್ಲಿ ಕಣ್ಣಿಗೆ ಬಿತ್ತು. ಹಿಡಿದುಕೋ, ಎಣಿಸು ಅಂದೆ. ನೀನು ಇಪ್ಪತ್ತಕ್ಕೆ ಬರುವಷ್ಟರಲ್ಲಿ ನಾನು ಚಾಲೂ ಮಾಡಿ, ಹ್ಯಾಂಡಲ್ ತೆಗೆದು ಗೋಡೆಗೆ ನೇತುಹಾಕುತ್ತಿದ್ದೆ. ಅದಕ್ಕೆ ಇಪ್ಪತ್ತು. ಲೆಕ್ಕ ಅಷ್ಟೇ.

ಇನ್ನೂ ಒಂದಿದೆ. ಕೆಲವು ದಿನ ಇಂಜಿನ್ ಹೊತ್ತಿಕೊಳ್ಳುತ್ತಿರಲಿಲ್ಲ. ತಪ್ಪು ನನ್ನದೋ ಡೀಸೆಲ್ಲಿನದೋ. ಆಗ "ಕೈ ಸಡಿಲ ಬಿಟ್ಟೆ ನೋಡು" ಅಂತ ನಿನ್ನ ಮೇಲೆ ಹಾಕುತ್ತಿದ್ದೆ. ನೀನು ಮತ್ತೆ ಹಿಡಿದುಕೊಂಡು ನಿಲ್ಲುತ್ತಿದ್ದೆ.

ಇಂಜಿನ್ನಿನ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ ಅಂತ ಜೂನಿನಲ್ಲಿ ದೊಡ್ಡದಾಗಿ ಬರೆದೆನಲ್ಲ, ಆ ಕಾಗದ ಹರಿದುಹಾಕು.

ನಿಜವಾದ ಕ್ರಮ ಇದು: ಡೀಸೆಲ್ ಬಿಡು. ಇಂಜಿನ್ನಿನ ತಲೆಯ ಮೇಲಿನ ಸಣ್ಣ ಲಿವರ್ ಎತ್ತು, ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಚಕ್ರ ಹಗುರವಾಗುತ್ತದೆ. ಹ್ಯಾಂಡಲ್ ಹಾಕಿ ತಿರುಗಿಸು. ವೇಗ ಬಂದಾಗ ಲಿವರ್ ಇಳಿಸು. ಹೊತ್ತಿಕೊಳ್ಳುತ್ತದೆ. ಹ್ಯಾಂಡಲ್ ಎಳೆದುಕೋ. ಯಾವ ನಲ್ಲಿಯೂ ಇಲ್ಲ. ನಿನ್ನ ಆಟದವರಿಗೆ ಇದನ್ನು ತೋರಿಸು. ಜನ ಬೈದದ್ದು ನಿನ್ನ ಕೆಲಸಕ್ಕಲ್ಲ, ನನ್ನ ಕೆಲಸಕ್ಕೆ.

ಹದಿನೈದು ದಿನ ಇದನ್ನು ಬರೆಯಲು ಆಗಲಿಲ್ಲ. ಮೊದಲೇ ಬರೆದಿದ್ದರೆ ಆ ಹುಡುಗ ಬಕೆಟ್ಟು ಕಟ್ಟಿಕೊಂಡು ಹೋಗುತ್ತಿರಲಿಲ್ಲ. ಅದೂ ನನ್ನದೇ.

ಅಜ್ಜ

*

ಆಗಸ್ಟ್ 24

ವಾಷರ್,

ನಿನ್ನ ಕಾಗದ ಬಂದಿಲ್ಲ. ಅಂಚೆಯವನ ಮೇಲೆ ರೇಗಿದೆ. ಅವನು ಚೀಲವನ್ನೇ ಬಾಗಿಲಲ್ಲಿ ಸುರಿದು, "ನೀವೇ ಹುಡುಕ್ಕೊಳಿ ಯಜಮಾನ್ರೇ" ಅಂದ. ಹುಡುಕಿದೆ. ಇರಲಿಲ್ಲ.

ಬೈದಾದರೂ ಬರಿ.

ಅಜ್ಜ

*

ಸೆಪ್ಟೆಂಬರ್ 6

ಅಜ್ಜ,

ಬೈಯಲು ಮೂರು ಸಲ ಕೂತೆ. ನಿನ್ನಷ್ಟು ಚೆನ್ನಾಗಿ ಬರುವುದಿಲ್ಲ.

ಮೊದಲು ಕೆಲಸದ ವಿಷಯ. ನಿನ್ನ ಕಾಗದ ಬಂದ ದಿನವೇ ಚಿತ್ರದವಳಿಗೆ ಓದಿ ಹೇಳಿದೆ. ಅವಳು ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು. ಸದ್ದಿನವನ ಮನೆಗೆ ಹೋಗಿ ಕಾಗದ ಕೈಗೆ ಕೊಟ್ಟೆ. ಎರಡು ಸಲ ಓದಿದ. "ಅಂದ್ರೆ ನಾನು ಇಷ್ಟು ದಿನ ಜಗಳ ಆಡಿದ್ದು ನಿನ್ನ ಜೊತೆ ಅಲ್ಲ, ನಿಮ್ಮಜ್ಜನ ಜೊತೆ" ಅಂದ. ಬಕೆಟ್ಟು ಹೊತ್ತುಕೊಂಡು ವಾಪಸ್ ಬಂದ. ಮೂವರೂ ಕೂತು ನಲ್ಲಿಯನ್ನು ತೆಗೆದುಹಾಕಿದೆವು. ನೀನು ಬರೆದ ಕ್ರಮದಲ್ಲೇ ಇಂಜಿನ್ ಕಟ್ಟಿದೆವು. ಲಿವರ್ ಇಳಿಸುವ ಹೊತ್ತು ಸರಿಹೋದರೆ ಹೊತ್ತಿಕೊಳ್ಳುತ್ತದೆ, ತಪ್ಪಿದರೆ ಒದೆಯುತ್ತದೆ. ಈಗ ಅಲ್ಲಿ ನೂರರಲ್ಲಿ ಇಪ್ಪತ್ತು ಜನ ಮಾತ್ರ ಬಿಟ್ಟುಹೋಗುತ್ತಿದ್ದಾರೆ. ಕಂಪನಿಯವರು ಇನ್ನೊಂದು ವರ್ಷ ನಡೆಸೋಣ ಅಂದರು. ಏಣಿಯ ಹತ್ತಿರವೇ ಬಿಟ್ಟುಹೋಗುವವರು ಇನ್ನೂ ಇದ್ದಾರೆ. ನೀನು ಕೊಟ್ಟ ಅಳತೆ ಹಾಕಬೇಕು, ಇನ್ನೂ ಹಾಕಿಲ್ಲ.

ಇನ್ನು ನನ್ನ ವಿಷಯ. ಐದನೇ ಕ್ಲಾಸಿನಲ್ಲಿ ನಮ್ಮ ಶಾಲೆಯವರು ಮೂರು ದಿನ ಸಮುದ್ರ ತೋರಿಸಲು ಕರೆದುಕೊಂಡು ಹೋಗಿದ್ದರು. ನಾನು ಹೋಗಲಿಲ್ಲ. ಅಮ್ಮನಿಗೆ ಹೊಟ್ಟೆನೋವು ಅಂದೆ. ಹೊಟ್ಟೆನೋವಲ್ಲ ಅಜ್ಜ. ನಾನು ಹೋದರೆ ನಲ್ಲಿ ಯಾರು ಹಿಡಿಯುತ್ತಾರೆ, ಐಸ್ ಇಲ್ಲದೆ ಊರಿಗೆ ಏನಾಗುತ್ತದೆ ಅಂತ. ಗೆಳತಿಯರೆಲ್ಲ ಚಿಪ್ಪು ತಂದು ತೋರಿಸಿದರು. ನಿಮಗೆ ಸಮುದ್ರ, ನನಗೆ ಇಂಜಿನ್ ಅಂದುಕೊಂಡು ತೃಪ್ತಿಪಟ್ಟೆ. ನೀನು ಸುಳ್ಳು ಹೇಳಿದ್ದು ನನಗೆ ಅರ್ಥವಾಗುತ್ತದೆ. ನನ್ನ ಕೈ ಉಳಿದಿದೆ. ಆದರೆ ಕೈ ಸಡಿಲ ಬಿಟ್ಟೆ ಅಂದೆಯಲ್ಲ, ಆ ದಿನಗಳನ್ನು ನಾನು ಇವತ್ತಿಗೂ ಎಣಿಸಬಲ್ಲೆ. ಏಳು ದಿನ.

ನಾನು ಇಂಜಿನ್ ಚಾಲೂ ಮಾಡಿದವಳಲ್ಲ. ಗೋಡೆ ನೋಡಿಕೊಂಡು ನಿಂತವಳು. ಇದನ್ನು ಹೇಳಿ ಅಭ್ಯಾಸವಾಗಲು ಇನ್ನೂ ಸ್ವಲ್ಪ ದಿನ ಬೇಕು. ಸಿಟ್ಟಿದೆ. ಆದರೂ ದಿನಾ ಬೆಳಗ್ಗೆ ಅಂಚೆಪೆಟ್ಟಿಗೆ ನೋಡುತ್ತೇನೆ.

ವಾಷರ್

*

ಸೆಪ್ಟೆಂಬರ್ 13

ವಾಷರ್,

ಸಮುದ್ರದ ವಿಷಯ ನನಗೆ ಗೊತ್ತಿರಲಿಲ್ಲ ಅಂತ ಮೊದಲು ಬರೆದೆ. ಆ ಕಾಗದ ಹರಿದು ಇದನ್ನು ಬರೆಯುತ್ತಿದ್ದೇನೆ.

ಆ ಮೂರು ದಿನ ನೀನು ಮಧ್ಯಾಹ್ನಕ್ಕೇ ಬಂದು ಬಾಗಿಲಲ್ಲಿ ನಿಂತಿದ್ದೆ. ನಿನ್ನ ಕ್ಲಾಸಿನವರು ಹೋಗಿದ್ದಾರೆ ಅಂತ ಗೇಟಿನವನು ಹೇಳಿದ್ದ. ಹೊಟ್ಟೆನೋವಿನ ಮಕ್ಕಳು ಸ್ಟೂಲಿನಿಂದ ಹಾರುವುದಿಲ್ಲ. ಯಾಕೆ ಹೋಗಲಿಲ್ಲ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ನೀನು ಇಡೀ ಮಧ್ಯಾಹ್ನ ಅಲ್ಲೇ ಇರುವುದು ನನಗೆ ಇಷ್ಟವಾಗಿತ್ತು. ನಲವತ್ತೊಂದು ವರ್ಷದಲ್ಲಿ ಆ ಇಂಜಿನ್ ಮನೆಯಲ್ಲಿ ನನ್ನ ಜೊತೆ ಮಾತಾಡಲು ಬಂದವಳು ನೀನೊಬ್ಬಳೇ. ಅಷ್ಟೇ ಕಾರಣ.

ತಪ್ಪಾಯಿತು. ಏಳು ದಿನದ್ದೂ, ಆ ಮೂರು ದಿನದ್ದೂ. ಈ ಮಾತು ನಾನು ಯಾರಿಗೂ ಬರೆದು ರೂಢಿಯಿಲ್ಲ, ಸರಿಯಾಗಿ ಬಂದಿದೆಯೋ ಇಲ್ಲವೋ.

ಊರಾಚೆ ಮರದ ಮಿಲ್ಲಿನಲ್ಲಿ ಒಂದು ಹಳೇ ಇಂಜಿನ್ ಬಿದ್ದಿದೆ. ಒಂದೇ ಸಿಲಿಂಡರ್, ಎಂಟು ಕುದುರೆ. ಮಿಲ್ಲಿನವನನ್ನು ಕೇಳಿದೆ, "ನಿಮ್ಗೆ ಬೇರೆ ಕೆಲಸ ಇಲ್ವಾ ಮೇಸ್ತ್ರಿ" ಅಂದ. ಇಲ್ಲ ಅಂದೆ. ಟೈಲರ್ ಚಿಂದಿಬಟ್ಟೆ ತರುತ್ತಾನೆ, ನಾನು ಒರೆಸುತ್ತೇನೆ. ನಾಜಲ್ ಬಿಚ್ಚಿ ತೊಳೆದಿದ್ದೇನೆ, ಹೊಸ ಆಯಿಲ್ ಹಾಕಿದ್ದೇನೆ. ಇನ್ನು ಹತ್ತು ದಿನಕ್ಕೆ ಉಸಿರು ಬರುತ್ತದೆ. ಇದು ಸುಳ್ಳಲ್ಲ.

ಯಾವಾಗ ಬಿಡುವಾಗುತ್ತದೋ ಬಾ. ಹ್ಯಾಂಡಲ್ ನೀನು ಹಿಡಿ. ನಾನು ಗೋಡೆಯ ಹತ್ತಿರ ನಿಲ್ಲುತ್ತೇನೆ, ಕೈ ಹಾಕುವುದಿಲ್ಲ. ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತಬಾರದು, ಉಳಿದ ನಾಲ್ಕು ಬೆರಳಿನ ಪಕ್ಕದಲ್ಲೇ ಇರಬೇಕು. ಒದ್ದಾಗ ಕೈ ತಾನಾಗಿ ಬಿಟ್ಟುಕೊಳ್ಳುತ್ತದೆ. ಇದನ್ನು ಪೊರಕೆಯ ಹಿಡಿಯ ಮೇಲೆ ಅಭ್ಯಾಸ ಮಾಡಿಕೊಂಡು ಬಾ.

ಸಿಟ್ಟು ಇದ್ದರೆ ಇರಲಿ, ತೆಗೆದುಕೊಂಡೇ ಬಾ. ತಿರುಗಿಸುವಾಗ ಬೇಕಾಗುತ್ತದೆ.

ನಿನ್ನ ಅಜ್ಜ

*

ಅಕ್ಟೋಬರ್ 7

ವಾಷರ್,

ನೀನು ಬಂದು, ವಾಪಸ್ ಬಸ್ಸು ಹತ್ತಿ ಮೂರು ದಿನವಾಯಿತು. ಮಿಲ್ಲಿನವನು ಇನ್ನೂ ನಿನ್ನ ಸುದ್ದಿಯನ್ನೇ ಹೇಳುತ್ತಿದ್ದಾನೆ. ಹೋದ ಕಡೆಯೆಲ್ಲ ಕೈ ತಿರುಗಿಸಿ ತೋರಿಸುತ್ತಾನಂತೆ.

ಮೊದಲನೇ ಸಲ ನೀನು ಲಿವರ್ ಬೇಗ ಇಳಿಸಿದೆ. ಅದು ಎಲ್ಲರೂ ಮಾಡುವ ತಪ್ಪು. ಎರಡನೇ ಸಲ ಅದು ಒದ್ದಾಗ ನಾನು ಗೋಡೆ ಬಿಟ್ಟು ಎರಡು ಹೆಜ್ಜೆ ಬಂದದ್ದು ನಿಜ. ನೀನು ನೋಡಲಿಲ್ಲ. ಟೈಲರ್ ಹಿಂದಿನಿಂದ ನನ್ನ ಅಂಗಿ ಹಿಡಿದು, ಕಿವಿಯ ಹತ್ತಿರ ಬಾಯಿ ಇಟ್ಟು, "ಮಾತು ಕೊಟ್ಟಿದೀರಿ ಮೇಸ್ತ್ರಿ, ನಿಂತ್ಕೊಳಿ!" ಅಂತ ಕಿರುಚಿದ. ಬೆನ್ನಿನ ಹೊಲಿಗೆ ಬಿಟ್ಟಿದೆ. ಅವನೇ ಹೊಲಿದುಕೊಟ್ಟ, ಬಣ್ಣ ಹೊಂದದ ದಾರದಲ್ಲಿ.

ಮೂರನೇ ಸಲಕ್ಕೆ ಹೊತ್ತಿಕೊಂಡಿತು. ಮೊದಲು ಬಿಳಿ ಹೊಗೆ, ಆಮೇಲೆ ಕರಿ, ಆಮೇಲೆ ಕಣ್ಣಿಗೆ ಕಾಣದಷ್ಟು ತೆಳು. ಒಳ್ಳೆಯ ಇಂಜಿನ್ ಹಾಗೇ ಬರುತ್ತದೆ. ನಿನಗೆ ಅದನ್ನು ನೋಡಲು ಪುರಸೊತ್ತಿರಲಿಲ್ಲ, ಕುಣಿಯುತ್ತಿದ್ದೆ. ಹ್ಯಾಂಡಲ್ ಕೈಯಲ್ಲೇ ಇಟ್ಟುಕೊಂಡು ಯಾರಾದರೂ ಕುಣಿಯುತ್ತಾರೆಯೇ? ಬೈದೆ. ನಿನಗೆ ಕೇಳಿಸಲಿಲ್ಲ. ನಮ್ಮಿಬ್ಬರಲ್ಲಿ ಮೊದಲ ಸಲ ಕಿವುಡು ನನ್ನದಾಗಿರಲಿಲ್ಲ.

ನಿನ್ನ ಬೆರಳ ಗಂಟುಗಳ ಮೇಲೆ ಚರ್ಮ ಹೋಗಿದೆಯಲ್ಲ, ಅದಕ್ಕೆ ಗ್ರೀಸ್ ಗೀಸು ಹಚ್ಚಬೇಡ, ಗಾಳಿಗೆ ಬಿಡು. ಭಾನುವಾರ ನೀನು ನಿಮ್ಮಮ್ಮನ ಮನೆಗೆ ಹೋಗುತ್ತೀ. ಅವಳು ಮೊದಲು ನೋಡುವುದೇ ಕೈಯನ್ನು, ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು. ಬಾಗಿಲಿಗೆ ಸಿಕ್ಕಿತು, ಗೋಡೆಗೆ ತಗಲಿತು ಅಂತೆಲ್ಲ ಹೇಳಬೇಡ. ಮಿಲ್ಲಿನಲ್ಲಿ ಇಂಜಿನ್ ಚಾಲೂ ಮಾಡಿದೆ, ಅದು ಒದೆಯಿತು, ಅಜ್ಜ ಆರು ಅಡಿ ದೂರದಲ್ಲಿ ನೋಡುತ್ತಾ ನಿಂತಿದ್ದ ಅಂತ ಇದ್ದದ್ದು ಇದ್ದ ಹಾಗೇ ಹೇಳು. ಅವಳು ನನ್ನನ್ನು ಬೈಯಲಿ. ಕಾಗದದಲ್ಲಿ ಬೈದರೆ ಸಾಲದು ಅನ್ನಿಸಿದರೆ ಬಂದು, ಬಲಗಿವಿಯ ಹತ್ತಿರ ನಿಂತು ಬೈಯಲಿ. ಬಾಗಿಲು ತೆಗೆದಿಟ್ಟಿರುತ್ತೇನೆ.

ನಿನ್ನ ಅಜ್ಜ